ಸೂತಕದ ವಾಯರು

ಆ ದಿನವೂ ಗಿರಮಲ್ಲಪ್ಪ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ದೇವರ ಜಗುಲಿಯ ಪಕ್ಕದ ಗೂಡಿನಲ್ಲಿದ್ದ ನೆಟ್ಟಿನ ಡಬ್ಬಿಯ ಬಟನ್ ಒತ್ತಿದ. ಹಸಿರು ದೀಪಗಳು ಒಂದರ ಹಿಂದೆ ಒಂದು ಹತ್ತಿಕೊಂಡವು. ಕೊನೆಯದು ಪಿಳಿಪಿಳಿ ಮಾಡಿ ನಿಂತ ಮೇಲೆ ಅವನು ಮಾಳಿಗೆಯ ಬೆಳಕಿಂಡಿಯ ಕಡೆ ಮುಖ ಎತ್ತಿ ಕೂಗಿದ.

“ರಾಚಪ್ಪಾ, ಬಿಟ್ಟೇನಿ! ಬಂತೇನ ನೋಡೋ!”

ಗೋಡೆಯಾಚೆಯ ಮನೆಯಿಂದ ರಾಚಪ್ಪನ ದನಿ ಬಂತು. “ಬಂತ್ರೀ ಕಾಕಾ! ಸಣ್ಣಗ ಬರಾಕತ್ತೈತಿ!”

“ಸಣ್ಣಗ ಬಂದ್ರ ಕೊಡಾ ಹಚ್ಚಿ ಕುಂಡ್ರು!”

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಶೇವಂತಿ ನಗಲಿಲ್ಲ. ದಿನಾ ಅದೇ ಕೂಗು, ಅದೇ ಉತ್ತರ. ದಿನಾ ಕೇಳುವ ಮಾತಿಗೆ ಯಾರು ನಗುತ್ತಾರೆ? ರೊಟ್ಟಿ ಮಗುಚಿ ಹಾಕಿದಳು. ಹೊಗೆ ಕಣ್ಣಿಗೆ ಬಂತು. ಗಂಡ ಉಂಡು ಮಗ್ಗದ ಕೋಣೆಗೆ ಹೋದ. ಎರಡು ಪವರ್‌ಲೂಮು ಒಟ್ಟಿಗೆ ಬಡಿಯತೊಡಗಿದವು. ಬನಹಟ್ಟಿಯಲ್ಲಿ ಬೆಳಗಾಗುವುದೇ ಆ ಸದ್ದಿನಿಂದ.

ಅದು ನೇಕಾರರ ಓಣಿ. ಮನೆಗೆ ಮನೆ ಅಂಟಿಕೊಂಡಿದೆ, ಒಂದೇ ಗೋಡೆಯನ್ನು ಎರಡು ಮನೆಗಳು ಹಂಚಿಕೊಂಡಿವೆ. ಮೂಲೆಯದು ಶೇವಂತಿಯ ಮನೆ. ಅದರ ಮಗ್ಗುಲಿಗೆ ಲಗಮವ್ವನ ಮನೆ. ಲಗಮವ್ವನಿಗೆ ವಯಸ್ಸಾಗಿದೆ, ಗಂಡ ಸತ್ತು ಬಹಳ ವರ್ಷವಾಗಿದೆ, ಮಗ ರಾಚಪ್ಪ, ಸೊಸೆ ಸುವರ್ಣಾ ಮಗ್ಗ ನೋಡಿಕೊಳ್ಳುತ್ತಾರೆ. ಅದರಾಚೆ ವಿಠೋಬಾ ಮಾಸ್ತರರದು. ಈ ಮೂರು ಮನೆಗೆ ಒಂದೇ ಇಂಟರ್‌ನೆಟ್ಟು, ಗಿರಮಲ್ಲಪ್ಪನ ಫೋನಿನ ಲೈನಿನದು.

ಅದನ್ನು ತಂದವನು ಅವನೇ. ಇಚಲಕರಂಜಿಯ ವ್ಯಾಪಾರಿ ಸೀರೆಯ ಅಂಚಿನ ಡಿಸೈನುಗಳನ್ನು ಕಂಪ್ಯೂಟರಿಗೆ ಕಳಿಸುತ್ತೇನೆ, ಅಂಚೆಯಲ್ಲಿ ಕಳಿಸುವ ಕಾಲ ಮುಗಿಯಿತು ಎಂದಾಗ ರಾಚಪ್ಪನಿಗೆ ನೆಟ್ಟು ಬೇಕಾಯಿತು. ಅವನ ಮನೆಯಲ್ಲಿ ಫೋನಿನ ಲೈನ್ ಇರಲಿಲ್ಲ. ಮಾಸ್ತರಿಗೆ ಸಾಲೆಯ ಕಾಗದಪತ್ರ ಕಳಿಸಲು ಬೇಕಾಗಿತ್ತು. ಗಿರಮಲ್ಲಪ್ಪನಿಗೆ ಕುಸ್ತಿ ನೋಡಬೇಕಾಗಿತ್ತು, ಅಷ್ಟೆ. ಬಿಲ್ಲು ಸರದಿಯ ಮೇಲೆ ಕಟ್ಟುವುದೆಂದು ಕಟ್ಟೆಯ ಮೇಲೆ ಕೂತು ಮಾತಾಡಿಕೊಂಡರು. ಜಮಖಂಡಿಯ ಕಂಪ್ಯೂಟರ್ ಅಂಗಡಿಯ ಪರಮಾನಂದ ಬಂದು ಡಬ್ಬಿ ಕೂಡಿಸಿ ಹೋದ. ಗಾಳಿಯಲ್ಲಿ ಬರುವ ನೆಟ್ಟು ಈ ದಪ್ಪ ಮಣ್ಣಿನ ಗೋಡೆ ದಾಟುವುದಿಲ್ಲ, ಮಾಳಿಗೆಯ ಮೇಲೆ ವಾಯರ್ ಹಾಯಿಸಿ ಬೆಳಕಿಂಡಿಯಿಂದ ಇಳಿಸಿಕೊಳ್ಳಿ ಎಂದು ಹೇಳಿದ.

“ವಾಯರ್ ಎಷ್ಟ ಬೇಕು?” ಎಂದು ಅವನು ಕೇಳಿದ್ದಕ್ಕೆ ಗಿರಮಲ್ಲಪ್ಪ ಓಣಿಯಲ್ಲಿ ಬಾಗಿಲಿಂದ ಬಾಗಿಲಿಗೆ ಮಾರು ಹಾಕಿ ಅಳೆದು ಹೇಳಿದ. ಮಾಳಿಗೆಗೆ ಏರುವುದು, ಇಳಿಯುವುದು ಲೆಕ್ಕಕ್ಕೇ ಬರಲಿಲ್ಲ. ವಾಯರು ಲಗಮವ್ವನ ಬೆಳಕಿಂಡಿಯಲ್ಲಿ ಇಳಿದು, ಆಳೆತ್ತರದಲ್ಲಿ ನೇತಾಡುತ್ತ ನಿಂತಿತು.

“ಕಾಕಾ, ಕಂಪ್ಯೂಟರ್ ಮ್ಯಾಲೆ ನೇತ ಹಾಕ್ಲೇನ್ರಿ?” ಎಂದು ರಾಚಪ್ಪ ಕೇಳಿದ.

ಇನ್ನೊಂದು ತುಂಡು ತಂದು ಗಿರಮಲ್ಲಪ್ಪ ಜೋಡಿಸಿದ. ಮಗ್ಗದ ಮೇಲಿನ ಉದ್ದೆಳೆಗಳ ಹಾಸು ಮುಗಿದಾಗ ಹಳೆ ಎಳೆಗೆ ಹೊಸ ಎಳೆ ಕೂಡಿಸುವುದು ನೇಕಾರನ ಕೈಗೆ ಹುಟ್ಟಿನಿಂದ ಬಂದ ಕೆಲಸ. ವಾಯರಿನ ಮೇಲಿನ ಸಿಪ್ಪೆ ಒಂದು ಮಾರು ಬಿಡಿಸಿದ. ಒಳಗೆ ಬಣ್ಣಬಣ್ಣದ ಎಳೆಗಳು, ಎರಡೆರಡು ಒಂದಕ್ಕೊಂದು ಸುತ್ತಿಕೊಂಡಿದ್ದವು. “ನೋಡಲೇ ಶೇವಂತಿ, ಎಷ್ಟ ಕೆಟ್ಟ ಕೆಲಸ ಮಾಡ್ಯಾರ. ಹುರಿ ಬಿಚ್ಚದ ಹಂಗ ತುಂಬ್ಯಾರ” ಎಂದ. ಗಂಡ ಹೆಂಡತಿ ಕೂತು ಹುರಿಯನ್ನೆಲ್ಲ ಬಿಚ್ಚಿ, ಎಳೆಗಳನ್ನು ನೆಟ್ಟಗೆ ನೀವಿ, ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಕೂಡಿಸಿ, ಹಾಸಿನ ಹಾಗೆ ಸಾಲಾಗಿ ಮಲಗಿಸಿ ಟೇಪು ಸುತ್ತಿದರು. ನೋಡಲು ಬಲು ಚಂದ ಕಾಣಿಸಿತು. ನೆಟ್ಟು ಮಾತ್ರ ಕುಂಟುತ್ತ ಬಂತು, ಒಮ್ಮೊಮ್ಮೆ ಬರಲೇ ಇಲ್ಲ.

ಪರಮಾನಂದ ಬಂದು ಟೇಪು ಬಿಚ್ಚಿ ನೋಡಿ ಹಣೆ ಬಡಿದುಕೊಂಡ. “ಯಾರ್ರೀ ಇದನ್ನ ಹಿಕ್ಕಿದವರು? ಆ ಸುತ್ತು ಇರಬೇಕ್ರಿ. ಸುತ್ತು ಇದ್ರನ ಒಂದರ ಮಾತು ಇನ್ನೊಂದಕ್ಕ ಹೋಗೂದಿಲ್ಲ.”

“ನಮ್ಮ ಕಡೆ ಸುತ್ತು ಇದ್ರ ಸೀರಿ ಆಗೂದಿಲ್ಲೋ ತಮ್ಮಾ” ಎಂದ ಗಿರಮಲ್ಲಪ್ಪ.

“ಇದು ಸೀರಿ ಅಲ್ರೀ ಯಜಮಾನ್ರ!”

ಓಣಿಯವರು ತಿಂಗಳುಗಟ್ಟಲೆ ಅದನ್ನೇ ಆಡಿಕೊಂಡು ನಕ್ಕರು. ಪರಮಾನಂದ ಹೊಸ ವಾಯರ್ ಎಳೆದು ಕೊಟ್ಟ. ಅದು ಲಗಮವ್ವನ ಮನೆಗೆ ಹೋಗಿ, ಅಲ್ಲಿ ಇನ್ನೊಂದು ಸಣ್ಣ ಡಬ್ಬಿಗೆ ಸೇರಿ, ಅಲ್ಲಿಂದ ಮಾಸ್ತರರ ಮನೆಗೆ ಹೋಯಿತು.

ಲಗಮವ್ವ ಮೊದಲ ದಿನವೇ ಒಂದು ಕಟ್ಟಳೆ ಹಾಕಿದಳು. “ಗಿರಮಲ್ಲಾ, ಅದು ನಿಮ್ಮನಿಯಿಂದ ನಮ್ಮನಿಗೆ ಹರದ ಬರೋದು. ನೀರ ಇದ್ದಂಗ. ಜಳಕಾ ಮಾಡದ ಬಟನ್ ಮುಟ್ಟಬ್ಯಾಡ. ಹರಿಯೋದಕ್ಕ ಮೈಲಿಗಿ ತಟ್ಟತೈತಿ.”

“ಆತ ಬಿಡ ಚಿಗವ್ವ. ನೆಟ್ಟಿಗೂ ಮಡಿ ಉಡಸೋಣು” ಎಂದು ಅವನು ನಕ್ಕ. ನಕ್ಕರೂ ಹಾಗೇ ನಡೆದುಕೊಂಡ. ರಾತ್ರಿ ಮಲಗುವಾಗ ಡಬ್ಬಿ ಆರಿಸುವನು. ಬೆಳಿಗ್ಗೆ ಜಳಕವಾದ ಮೇಲೆ ಹಚ್ಚುವನು. ಒಂದು ದಿನವೂ ತಪ್ಪಲಿಲ್ಲ. ಡಬ್ಬಿಯ ದೀಪಗಳನ್ನು ಶೇವಂತಿಗೆ ತೋರಿಸಿದ್ದ. “ಇದ ನಮ್ಮ ಕಂಪ್ಯೂಟರಿಂದು. ಇದರ ಮಗ್ಗಲದ್ದು ಲಗಮವ್ವನ ಮನಿದು. ಅದು ಹತ್ತಿತ್ತಂದ್ರ ಅವರಿಗಿ ಹೋಗಾಕತ್ತೈತಿ ಅಂತ ತಿಳಕೋ.” ಶೇವಂತಿ ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಅಷ್ಟು ತಿಳಿದುಕೊಂಡಳು, ಸಾಕೆನಿಸಿತು.

ರಾಚಪ್ಪನಿಗೆ ಕೂಗಿ ಡಬ್ಬಿ ಹಚ್ಚಿದ ಆ ದಿನ ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗ ನಿಂತವು. ಗಿರಮಲ್ಲಪ್ಪ ಕಟ್ಟೆಯ ಮೇಲೆ ಕೂತು ರಾಚಪ್ಪನ ಜೊತೆ ಎಲೆಅಡಿಕೆ ಹಾಕಿದ. ಸಂಜೆ ಕರೆಂಟು ಬಂತು. ಅವನು ಭುಜ ನೋಯುತ್ತದೆ ಎಂದ. ಶೇವಂತಿ ಎಣ್ಣೆ ಬಿಸಿ ಮಾಡಿ ತಿಕ್ಕಿದಳು. ಉಂಡು ಬೇಗ ಮಲಗಿದ. ಡಬ್ಬಿ ಆರಿಸಲಿಲ್ಲ. ದೀಪ ಉರಿಯುವುದನ್ನು ಅವಳು ನೋಡಿದಳು. ದಣಿದಿದ್ದಾನೆ, ಎಬ್ಬಿಸುವುದು ಬೇಡ ಎಂದುಕೊಂಡಳು.

ಬೆಳಿಗ್ಗೆ ಅವನು ಏಳಲಿಲ್ಲ.

ಮೊದಲು ಓಡಿ ಬಂದವಳು ಲಗಮವ್ವ. ಗಿರಮಲ್ಲಪ್ಪನ ಕಣ್ಣು ಮುಚ್ಚಿದವಳೂ ಅವಳೇ. ಶೇವಂತಿಯನ್ನು ಎದೆಗೆ ಅವಚಿಕೊಂಡು ಹಾಡಿಕೊಂಡು ಅತ್ತಳು. ರಾಚಪ್ಪ ಮುಧೋಳಕ್ಕೆ ಫೋನು ಮಾಡಿ ಮಗಳು ಯಶೋಧರಾಳನ್ನು ಕರೆಸಿದ. ಬೀಳಗಿ ಕಡೆಯಿಂದ ಅಣ್ಣ ಬಂದ. ಶೇವಂತಿಯ ತವರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋಗಿ ವರ್ಷಗಳಾಗಿದ್ದವು. ಅಣ್ಣನದು ಈಗ ಪುನರ್ವಸತಿಯ ಸಣ್ಣ ಮನೆ, ಅವನಿಗೇ ಇಕ್ಕಟ್ಟು. ಸಂಜೆಯೊಳಗೆ ಮಣ್ಣು ಮಾಡಿ ಬಂದರು. ಬಳೆ ಒಡೆದರು. ಶೇವಂತಿ ಕೈ ಚಾಚಿ ಕೊಟ್ಟಳು.

ಮಣ್ಣು ಮಾಡಿ ಬಂದವರು ಕಾಲು ತೊಳೆಯುತ್ತಿರುವಾಗ ಲಗಮವ್ವ ತನ್ನ ಮನೆಗೆ ಹೋಗಿ ಸೊಸೆಯನ್ನು ಕರೆದು ಹೇಳಿದಳು. “ಸುವರ್ಣಾ, ಆ ವಾಯರ್ ಕೀಳಬೇ. ಸೂತಕದ ಮನಿಯಿಂದ ಹರದ ಬರೋದು ಯಾವದೂ ಬ್ಯಾಡ.”

ಬೆಳಕಿಂಡಿಯಿಂದ ಆ ಮಾತು ಶೇವಂತಿಗೂ ಕೇಳಿಸಿತು. ಕೆಟ್ಟೆನಿಸಲಿಲ್ಲ. ಸತ್ತವರ ಮನೆಯಿಂದ ಹನ್ನೊಂದು ದಿನ ಯಾರೂ ನೀರು, ಬೆಂಕಿ ಒಯ್ಯುವುದಿಲ್ಲ. ಲಗಮವ್ವನ ಗಂಡ ಸತ್ತಾಗ ತಾನೂ ಅವರ ಕೊಡ ಮುಟ್ಟಿರಲಿಲ್ಲ. ಗೂಡಿನಲ್ಲಿ ಎರಡನೆಯ ದೀಪ ಆರಿತು. ಉಳಿದವು ಹಾಗೇ ಉರಿಯುತ್ತಿದ್ದವು. ಡಬ್ಬಿ ಆರಿಸಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಸೂತಕ ಕಳೆಯಿತು. ಮನೆ ಸಾರಿಸಿದರು. ನೆಂಟರು ಉಂಡು ಹೋದರು. ಯಶೋಧರಾ, “ಅವ್ವಾ, ನಮ್ಮ ಕೂಡ ಬಾ, ಇಲ್ಲಿ ಒಬ್ಬಾಕಿ ಏನ ಮಾಡ್ತಿ?” ಎಂದು ಕೈ ಹಿಡಿದಳು.

“ಮಗ್ಗಕ್ಕ ಯಾರು?” ಎಂದಳು ಶೇವಂತಿ. ಮಗಳು ಅತ್ತು ಹೋದಳು.

ಶೇವಂತಿ ಮಗ್ಗಕ್ಕೆ ನಿಂತಳು. ಬೆಳಿಗ್ಗೆ ರಾಚಪ್ಪನ ಮಗ್ಗದ ಸದ್ದು ಗೋಡೆಯಲ್ಲಿ ಬರುವ ತನಕ ಕಾಯುವಳು. ಆಮೇಲೆ ತನ್ನದು ಚಾಲೂ ಮಾಡುವಳು. ಗಂಡನಿಲ್ಲದವಳು ಓಣಿಯಲ್ಲಿ ಮೊದಲು ಮಗ್ಗ ಬಿಡಬಾರದು. ಅದನ್ನು ಅವಳಿಗೆ ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಕೆಲಸದ ನಡುವೆ ನೀರು ಕುಡಿಯಲು ಬಂದಾಗ ಗೂಡಿನ ಕಡೆ ನೋಡುವಳು. ಎರಡನೆಯ ದೀಪ ಹತ್ತಿರಲಿಲ್ಲ. ನಾಳೆ ಹಚ್ಚಿಕೊಂಡಾರು ಎಂದುಕೊಂಡಳು. ನಾಳೆಯೂ ಇಲ್ಲ, ನಾಡಿದ್ದೂ ಇಲ್ಲ. ವಾರ ಕಳೆಯಿತು. ವಿಠೋಬಾ ಮಾಸ್ತರು ಕಂಪ್ಯೂಟರಿಗೆ ಚುಚ್ಚುವ ನೆಟ್ಟಿನ ಕಡ್ಡಿಯೊಂದನ್ನು ತಂದುಕೊಂಡರಂತೆ. ರಾಚಪ್ಪ ಡಿಸೈನ್ ಇಳಿಸಿಕೊಳ್ಳಲು ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋಗುತ್ತಿದ್ದಾನಂತೆ. ಕೇಳಿ ಶೇವಂತಿಗೆ ಕೈಯಲ್ಲಿನ ಲಾಳಿ ಭಾರವೆನಿಸಿತು.

ಅವಳಿಗೆ ನೆಟ್ಟು ಬೇಕಾಗಿರಲಿಲ್ಲ. ಕಂಪ್ಯೂಟರನ್ನು ಅವಳು ಮುಟ್ಟಿದವಳೇ ಅಲ್ಲ. ಆದರೆ ಈ ಓಣಿ ಬಿಟ್ಟರೆ ಅವಳಿಗೆ ಹೋಗಲು ಊರಿಲ್ಲ. ಇನ್ನು ಮೇಲೆ ತನ್ನ ಮನೆಯಿಂದ ಒಂದು ಬೆಂಕಿಕಡ್ಡಿಯೂ ಯಾರಿಗೂ ಹೋಗುವುದಿಲ್ಲವೋ ಏನೋ ಎಂಬುದು ಅವಳ ಎದೆಯಲ್ಲಿ ಕೂತಿತು. ಎದ್ದರೂ ಅದೇ, ಕೂತರೂ ಅದೇ.

ಸುವರ್ಣಾ ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಶೇವಂತಿ ನೆಟ್ಟಗೆ ಕೇಳಿದಳು. “ವಾಯರ್ ಯಾಕ ಹಚ್ಚಿಲ್ಲಬೇ?”

ಸುವರ್ಣಾ ಸೀರೆ ಹಿಂಡುತ್ತ ನಿಂತಳು. “ನಾ ಹಚ್ತೇನಿ ಅಂದ್ನಿ ಕಾಕಿ. ನಮ್ಮತ್ತಿ ಒಲ್ಲೆ ಅಂದ್ಲು.”

“ಸೂತಕ ಕಳದೈತಲ್ಲ?”

“ಸೂತಕದ್ದಲ್ರೀ. ಮುಂಜಾನೆದ್ದು ಬಟನ್ ಒತ್ತೋ ಕೈ...” ಅಷ್ಟು ಹೇಳಿ ಅವಳು ಬಕೆಟ್ಟಿನಲ್ಲಿ ಮುಖ ಹುದುಗಿಸುವವಳಂತೆ ಬಗ್ಗಿದಳು. “ನಾ ಹೇಳಿದ್ನಿ ಅನಬ್ಯಾಡ್ರಿ.”

ಅದೇ ಸಂಜೆ ರಾಚಪ್ಪ ಬಂದ. ಹೊಸ್ತಿಲ ಹೊರಗೆ ಕೂತ. ಆ ಮಾತು ಈ ಮಾತು ಆಡಿದ. ಕೊನೆಗೆ ತಲೆ ತುರಿಸಿಕೊಂಡು, “ಕಾಕಿ, ನಾ ಏನಂತೇನಿ, ದಿನಾ ಮುಂಜಾನೆ ನಾನ ಬಂದು ಬಟನ್ ಒತ್ತಿ ಹೋಗ್ತೇನ್ರಿ. ನಿಮಗ ಯಾಕ ತ್ರಾಸು?” ಎಂದ.

“ಬಟನ್ ಒತ್ತೋದು ತ್ರಾಸೇನೋ?”

“ಹಂಗಲ್ರಿ...”

“ಒಲಿನೂ ನೀನ ಬಂದು ಹಚ್ಚತಿಯೇನು? ಮಗ್ಗಾನೂ ನೀನ ಬಿಡತಿಯೇನು?”

ರಾಚಪ್ಪ ಕೆಟ್ಟವನಲ್ಲ. ತಾಯಿಗೆ ಎದುರಾಡಲಾರ, ಇವಳ ಮುಖ ನೋಡಲಾರ. “ನಮ್ಮವ್ವನ ಕೂಡ ನೀವ ಮಾತಾಡ್ರಿ. ನನಗ ನಡುವ ಹಾಕಬ್ಯಾಡ್ರಿ” ಎಂದು ಎದ್ದು ಹೋದ.

ಮರುದಿನ ಶೇವಂತಿ ಲಗಮವ್ವನ ಮನೆಗೆ ಹೋದಳು. ಮುದುಕಿ ಪಡಸಾಲೆಯಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದಳು. ಚರಕದ ಗಾಲಿ ತಿರುಗುತ್ತ ಮಗ್ಗದ ಸಣ್ಣ ಕೊಳವೆಗೆ ನೂಲು ತುಂಬುತ್ತಿತ್ತು. ಶೇವಂತಿಯನ್ನು ಕಂಡು ಗಾಲಿ ನಿಲ್ಲಿಸಲಿಲ್ಲ.

“ಬಾಬೇ. ಕುಂಡ್ರು.”

“ಕುಂಡ್ರಾಕ ಬಂದಿಲ್ಲ. ನಮ್ಮನಿ ನೆಟ್ಟು ಯಾಕ ಬ್ಯಾಡ ಆತ್ರೀ ಅತ್ತಿ?”

“ಬ್ಯಾಡ ಅಂತ ಯಾರಂದ್ರು? ರಾಚಪ್ಪ ಬಂದು ಒತ್ತತೇನಿ ಅಂದ. ನೀ ಒಲ್ಲೆ ಅಂದಿ.”

“ನನ್ನ ಕೈಗೆ ಏನಾಗೈತಿ? ನೀವೂ ನನ್ನಂಗ ಇದ್ದವರ. ನಿಮಗ ಗೊತ್ತಾಗೂದಿಲ್ಲೇನು?”

ಗಾಲಿ ನಿಂತಿತು. ಲಗಮವ್ವ ನೂಲು ಹರಿದು ಬೆರಳಿಗೆ ಸುತ್ತಿಕೊಂಡಳು. ದನಿ ಏರಿಸಲಿಲ್ಲ.

“ನನಗ ಗೊತ್ತಿಲ್ಲೇನ? ಅವರು ಹೋದ ಮ್ಯಾಲೆ ಒಂದಿನ ಮರತ ನಸಕಿನ್ಯಾಗ ಎದ್ದು ಮಗ್ಗಕ್ಕ ಕುಂತ್ನಿ. ಆವಾಗ ಕೈಮಗ್ಗ. ಎರಡ ಬೆರಳ ನೇದಿದ್ನೋ ಇಲ್ಲೋ. ನಮ್ಮತ್ತಿ ಬಂದು ನೋಡಿದ್ಲು. ಬೈಲಿಲ್ಲ. ಕತ್ತರಿ ತಂದು ಅಷ್ಟೂ ಹಾಸು ಕಡದ ಒಗದ್ಲು. ಹೊಸಾ ಹಾಸು. ನಾನ ಕುಂತು ಒಂದೊಂದ ಎಳಿ ಕೂಡಿಸಿದ್ದು.” ಅವಳು ಬೆರಳಿನ ನೂಲು ಬಿಚ್ಚಿದಳು. “ಅವತ್ತಿನಿಂದ ಈ ಮನಿಯಾಗ ನಾ ಯಾವದೂ ಮೊದಲ ಮುಟ್ಟಿಲ್ಲ. ಬಾಗಲಾ ಸುವರ್ಣಾ ತಗೀತಾಳ. ಆಮ್ಯಾಲೆ ನಾ ಹೊರಗ ಬರ್ತೇನಿ. ನನಗ ಇಲ್ಲದ್ದು ನಿನಗ ಹೆಂಗ ಕೊಡ್ಲಿ ಹೇಳು?”

ಬೈದಿದ್ದರೆ ಶೇವಂತಿಯೂ ಬೈದು ಬರುತ್ತಿದ್ದಳು. ಇದಕ್ಕೆ ಏನು ಬೈಯುವುದು? ಕಂಬಕ್ಕೆ ಒರಗಿ ಕೂತಳು. ಮನೆಗೆ ಹೋಗಿ ಮಲಗಬೇಕೆನಿಸಿತು. ಹಾಳಾಗಿ ಹೋಗಲಿ, ವಾಯರೇ ಬೇಡ, ಡಬ್ಬಿಯೇ ಬೇಡ ಎನಿಸಿತು. ಆರಿಸಿ ಎತ್ತಿಟ್ಟರಾಯಿತು ಎಂದುಕೊಂಡಳು. ಆಗ ಅವಳಿಗೆ ಹೊಳೆಯಿತು.

“ಅತ್ತಿ, ಆ ಡಬ್ಬಿ ನಾ ಹಚ್ಚೇ ಇಲ್ಲ.”

“ಏನ?”

“ನಾ ಬಟನ್ ಮುಟ್ಟಿಲ್ರಿ. ಅವರು ಹೋಗೋ ಹಿಂದಿನ ದಿನ ಜಳಕಾ ಮಾಡಿ ಹಚ್ಚಿದ್ದು. ಅವತ್ತ ರಾತ್ರಿ ಆರಿಸಲಿಲ್ಲ. ಆಮ್ಯಾಲೆ ಯಾರೂ ಆರಿಸಿಲ್ಲ. ಇನ್ನೂ ಅವರ ಹಚ್ಚಿದ್ದನ ಉರ್ಯಾಕತ್ತೈತಿ.”

ಲಗಮವ್ವ ತಲೆ ಎತ್ತಿದಳು. “ನಡುವ ಕರೆಂಟ್ ಹೋಗಿ ಬಂದಿಲ್ಲೇನು?”

“ಕರೆಂಟ್ ಹೋದ್ರ ತಾನ ಆರತೈತಿ, ಬಂದ್ರ ತಾನ ಹತ್ತತೈತಿ. ಬಟನ್ ಒತ್ತಿದ್ದು ಒತ್ತಿದಂಗ ಐತಿ. ಕರೆಂಟಿಗೆ ಯಾವ ಕೈ ಅತ್ತಿ? ಅದು ಮುತ್ತೈದಿಯೋ, ರಂಡಿಯೋ?”

ಒಳಗಿನಿಂದ ಸುವರ್ಣಾ ಕಿಸಕ್ಕನೆ ನಕ್ಕಳು. ಲಗಮವ್ವ ನಗಲಿಲ್ಲ. ಬಾಯೊಳಗೆ ಏನೋ ಅಂದುಕೊಂಡಳು. ಅವಳು ಕಟ್ಟಳೆಯ ಹೆಂಗಸು. ಕಟ್ಟಳೆ ಮುರಿಯಲು ಬಿಡಳು, ಕಟ್ಟಳೆಗೆ ಕೂಡಿ ಬಂದದ್ದನ್ನು ಒಲ್ಲೆ ಎನ್ನಳು. ನಂದಾದೀಪ ಯಾರು ಹಚ್ಚಿದ್ದು ಎಂದು ದಿನಾ ಯಾರೂ ಕೇಳುವುದಿಲ್ಲ. ಮೊದಲು ಹಚ್ಚಿದವನ ದೀಪವೇ ಅದು.

“ಇನ್ನ ಮುಂದೂ ಆರಸಂಗಿಲ್ಲೇನು?”

“ಯಾಕ ಆರಸಲಿ?”

“ಹಂಗಾರ ಗಿರಮಲ್ಲಂದ ಅದು” ಎಂದಳು ಲಗಮವ್ವ. “ಸುವರ್ಣಾ, ವಾಯರ್ ಹಚ್ಚಬೇ.”

ಶೇವಂತಿ ಮನೆಗೆ ಬರುವಷ್ಟರಲ್ಲಿ ಎರಡನೆಯ ದೀಪ ಹತ್ತಿತ್ತು. ಅವಳು ಗೂಡಿನ ಮುಂದೆ ನಿಂತು ನೋಡಿದಳು. ಖುಷಿಯಾಗಲಿಲ್ಲ. ತನ್ನ ಕೈಗೆ ಏನೂ ಆಗಿಲ್ಲ ಎಂದು ಹೇಳಲು ಹೋದವಳು, ಕೈ ಮುಟ್ಟಿಸಿಲ್ಲ ಎಂದು ಹೇಳಿ ಗೆದ್ದು ಬಂದಿದ್ದಳು. ಇರಲಿ, ದೀಪ ಹತ್ತಿತಲ್ಲ ಎಂದುಕೊಂಡು ರೊಟ್ಟಿ ತಿಂದು ಮಲಗಿದಳು.

ದಿನಗಳು ನಡೆದವು. ವಿಠೋಬಾ ಮಾಸ್ತರರ ಕಡ್ಡಿ ಸರಿಯಾಗಿ ಎಳೆಯುವುದಿಲ್ಲವೆಂದು ಅವರೂ ವಾಯರಿಗೆ ಮರಳಿದರು. ಸುವರ್ಣಾ ಹೆಪ್ಪು ಕೇಳಲು ಬಂದಳು. ಬಿಲ್ಲಿನ ಸರದಿ ಬಂದಾಗ ರಾಚಪ್ಪ ಹೊಸ್ತಿಲ ಒಳಗೆ ಬಂದು ಕೂತು ಚಹಾ ಕುಡಿದು ಹೋದ. ಲಗಮವ್ವ ಮಾತ್ರ ಕಟ್ಟೆಯ ಮೇಲೆ ಕೂತೇ ಮಾತಾಡುವಳು, ಒಳಗೆ ಬರುತ್ತಿರಲಿಲ್ಲ. ಶೇವಂತಿ ಹಗಲೆಲ್ಲ ನೇಯುವಳು. ಡಬ್ಬಿಯ ಹತ್ತಿರ ಹೋದರೆ ಕೈ ಹಿಂದೆ ಕಟ್ಟಿಕೊಳ್ಳುವಳು. ಬಟನ್ನಿನ ಮೇಲೆ ಗಂಡನ ಬೆರಳು ಇನ್ನೂ ಇದ್ದ ಹಾಗೆ ಅವಳಿಗೆ ಕಾಣುತ್ತಿತ್ತು. ಆರಿಸಬೇಡ ಎಂದು ಲಗಮವ್ವ ಹೇಳಬೇಕಾಗಿಯೇ ಇರಲಿಲ್ಲ.

ಬೇಸಿಗೆ ಬಂತು. ಮಾಳಿಗೆ ಕಾದು ಮಗ್ಗದ ಕೋಣೆಯಲ್ಲಿ ಉಸಿರು ಕಟ್ಟುತ್ತಿತ್ತು. ಒಂದು ಮಧ್ಯಾಹ್ನ ಬೆಳಕಿಂಡಿಯಲ್ಲಿ ರಾಚಪ್ಪನ ತಲೆ ಕಾಣಿಸಿತು.

“ಕಾಕಿ! ನೆಟ್ಟು ನಿಂತೈತ್ರಿ. ಅಲ್ಲಿ ದೀಪಾ ನೋಡ್ರಿ!”

ಶೇವಂತಿ ಮಗ್ಗ ನಿಲ್ಲಿಸಿ ಬಂದು ನೋಡಿದಳು. ದೀಪಗಳೆಲ್ಲ ಹತ್ತಿದ್ದವು. ಆದರೆ ಯಾವುದೂ ಪಿಳುಕುತ್ತಿರಲಿಲ್ಲ, ಕಣ್ಣು ಬಿಟ್ಟುಕೊಂಡೇ ಸುಮ್ಮನಾಗಿದ್ದವು. “ಎಲ್ಲಾ ಉರ್ಯಾಕತ್ತಾವೋ” ಎಂದಳು.

ರಾಚಪ್ಪ ಮಾಳಿಗೆಯ ಮೇಲೆ ನಿಂತೇ ಪರಮಾನಂದನಿಗೆ ಫೋನು ಹಚ್ಚಿದ. ಅವನು ಹೇಳಿದ್ದನ್ನು ಒದರುತ್ತ ಹೋದ. “ಡಬ್ಬಿ ಮುಟ್ಟಿ ನೋಡ್ರಿ ಅಂತಾನ, ಬಿಸಿ ಐತೇನ್ರಿ?”

ಶೇವಂತಿ ಅಂಗೈ ಇಟ್ಟಳು. ಹಂಚಿನ ಹಾಗೆ ಸುಡುತ್ತಿತ್ತು. “ಕಾದೈತಿ.”

“ಅದರ ತೂತಿನ್ಯಾಗೆಲ್ಲ ಹತ್ತಿ ಧೂಳ ಕುಂತೈತೇನ್ರಿ?”

ಕುಂತಿತ್ತು. ಮಗ್ಗದಿಂದ ಹಾರುವ ಅರಳೆಯ ಧೂಳು ಡಬ್ಬಿಯ ಬಾಯಿಗಳನ್ನೆಲ್ಲ ಕಂಬಳಿ ಹೊದಿಸಿದ ಹಾಗೆ ಮುಚ್ಚಿತ್ತು. ಮುಟ್ಟಬಾರದು ಎಂದು ಅವಳು ಒರೆಸಿಯೇ ಇರಲಿಲ್ಲ.

“ಅದಕ್ಕ ಕಾದು ಸೊಕ್ಕಿ ಗಪ್ ಆಗೈತಂತ್ರಿ. ಧೂಳ ತಗದು, ಒಮ್ಮೆ ಆರಿಸಿ, ಸೊಲ್ಪ ಹೊತ್ತ ಬಿಟ್ಟು ಮತ್ತ ಹಚ್ಚ...” ರಾಚಪ್ಪ ಅಲ್ಲಿಗೆ ನಿಲ್ಲಿಸಿದ. ತಾನು ಏನು ಹೇಳುತ್ತಿದ್ದೇನೆಂದು ಅವನಿಗೆ ಆಗ ತಿಳಿಯಿತು. ಫೋನಿನಲ್ಲಿ ಪರಮಾನಂದ ಇನ್ನೂ ಏನೋ ಹೇಳುತ್ತಿದ್ದ.

“ಕಾಕಿ, ನಾ ಇಳದು ಬರ್ಲೇನ್ರಿ? ನಾನ ಒತ್ತತೇನಿ. ಹೊಸಾ ಅಂಚಿನ ಡಿಸೈನ್ ಬರೂದೈತಿ, ಎರಡು ಮಗ್ಗ ನಿಂತಾವ್ರಿ.”

ಶೇವಂತಿಯ ಗಂಡ ಮಾಡಿದ ಕೆಲಸಗಳೆಲ್ಲ ಒಂದೊಂದಾಗಿ ಮುಗಿದಿದ್ದವು. ಅವನು ಅರ್ಧ ನೇಯ್ದಿದ್ದ ಸೀರೆಯನ್ನು ಅವಳೇ ನೇಯ್ದು ಮುಗಿಸಿದ್ದಳು. ಅವನು ತಂದಿದ್ದ ಜೋಳದ ಚೀಲ ಬರಿದಾಗಿತ್ತು. ಇದೊಂದು ಉಳಿದಿತ್ತು.

ಬಾಗಿಲಲ್ಲಿ ನೆರಳಾಯಿತು. ಲಗಮವ್ವ ನಿಂತಿದ್ದಳು. ಮಗನ ಕೂಗಾಟ ಕೇಳಿ ಬಂದಿದ್ದಳು. ಸುವರ್ಣಾ ಮದುವೆಗೆಂದು ಮುಧೋಳಕ್ಕೆ ಹೋಗಿದ್ದಳು, ಇಲ್ಲದಿದ್ದರೆ ಅವಳನ್ನೇ ಕಳಿಸುತ್ತಿದ್ದಳೋ ಏನೋ.

“ರಾಚಪ್ಪ ಒತ್ತಲಿ ಬಿಡಬೇ” ಎಂದಳು ಲಗಮವ್ವ. “ಗಂಡಸರ ಕೈ.”

“ಬ್ಯಾಡ” ಎಂದಳು ಶೇವಂತಿ. “ಇದು ಅವರು ಹಚ್ಚಿದ್ದು. ಆರಿಸೋದಾದ್ರ ನಾನ ಆರಿಸಬೇಕು. ಬ್ಯಾರೇದವ್ರ ಆರಿಸೋದು ನನಗ ಆಗೂದಿಲ್ಲ.”

“ಆತು. ನೀ ಆರಸು. ಹಚ್ಚೋದು ಅಂವ ಹಚ್ಚಲಿ.”

“ಆರಿಸೋ ಕೈಗೆ ಹಚ್ಚಾಕ ಬರೂದಿಲ್ಲೇನ್ರೀ ಅತ್ತಿ?”

ಲಗಮವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮೇಲೆ ರಾಚಪ್ಪ ಬಗ್ಗಿ ನೋಡುತ್ತಿದ್ದ. ಶೇವಂತಿ ಸೆರಗಿನಿಂದ ಡಬ್ಬಿಯ ಧೂಳು ತೆಗೆದಳು. ಮುದ್ದೆ ಮುದ್ದೆ ಬಂತು. ಮೇಲೆ ಒರೆಸಿದಳು, ಕೆಳಗೆ ಒರೆಸಿದಳು. ಒರೆಸಲು ಇನ್ನೇನೂ ಉಳಿಯಲಿಲ್ಲ.

ಬಟನ್ ಒತ್ತಿದಳು.

ದೀಪಗಳೆಲ್ಲ ಒಮ್ಮೆಗೇ ಆರಿದವು. ಅಷ್ಟು ಲಗೂ ಆರುತ್ತವೆಂದು ಅವಳು ಎಣಿಸಿರಲಿಲ್ಲ. ಹಾಗೇ ನಿಂತಳು. ಅಳು ಬರಲಿಲ್ಲ, ಕೈಕಾಲಲ್ಲಿ ದಣಿವು ತುಂಬಿ ಬಂತು. ಮಣ್ಣು ಮಾಡಿದ ದಿನದಿಂದ ಹಿಡಿದುಕೊಂಡಿದ್ದ ದಣಿವು.

“ಸೊಲ್ಪ ಹೊತ್ತ ಬಿಡ್ರಿ ಅಂತಾನ” ಎಂದು ರಾಚಪ್ಪ ಮೇಲಿನಿಂದ ಮೆಲ್ಲಗೆ ಹೇಳಿದ.

ಬಿಟ್ಟರು. ಮೂವರೂ ಕಾದರು. ಶೇವಂತಿ ಮತ್ತೆ ಬೆರಳು ಮುಂದೆ ಮಾಡಿದಾಗ ಲಗಮವ್ವ, “ತಡಿ” ಎಂದಳು. ಬಂದು ತಡೆಯುತ್ತಾಳೆಂದು ಶೇವಂತಿ ತಿರುಗಿ ನೋಡಿದಳು. ಮುದುಕಿ ಹೊಸ್ತಿಲು ದಾಟಿ ಒಳಗೆ ಬಂದು, ಗೋಡೆಯ ಕಡೆ ಮುಖ ಮಾಡಿ, ಬೆನ್ನು ತಿರುಗಿಸಿ ನಿಂತಳು. ತಲೆಯ ಮೇಲಿನ ಸೆರಗನ್ನು ಕಣ್ಣಿನ ತನಕ ಎಳೆದುಕೊಂಡಳು.

“ಈಗ ಏನ ಮಾಡ್ತಿ ಮಾಡು. ನಾ ನೋಡಿಲ್ಲ. ರಾಚಪ್ಪಾ, ನೀನೂ ಅತ್ತಾಗ ತಿರಗೋ!”

“ತಿರಗೇನಿಬೇ!”

ಶೇವಂತಿ ಒತ್ತಿದಳು. ದೀಪಗಳು ಬಂದವು. ತನ್ನ ಮನೆಯದು ಬಂತು. ಎರಡನೆಯದು ಬರಲು ತಡವಾಯಿತು, ಬಂತು.

“ಬಂತ್ರೀ ಕಾಕಿ!” ಎಂದು ರಾಚಪ್ಪ ಒದರಿ, ಮಾಳಿಗೆಯ ಮೇಲೆ ಧಡಧಡ ಓಡಿದ.

ಲಗಮವ್ವ ಗೋಡೆಯ ಕಡೆಯೇ ನಿಂತಿದ್ದಳು. “ಹತ್ತಿತೇನ?”

“ಹತ್ತಿತು.”

“ಹಂಗಾರ ನಾ ತಿರಗಲೇನು? ಮಣಕಾಲ ನೋಯಾಕತ್ತಾವ.”

“ತಿರಗ್ರಿ.”

ತಿರುಗಿದಳು. ಡಬ್ಬಿಯನ್ನು ನೋಡಲಿಲ್ಲ, ಶೇವಂತಿಯ ಮುಖ ನೋಡಿದಳು. ಗಿರಮಲ್ಲಪ್ಪ ಸತ್ತ ದಿನದ ಮೇಲೆ ಈ ಮನೆಯೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಕಂಬದ ಬುಡಕ್ಕೆ ಮೆಲ್ಲಗೆ ಕೂತು ಕಾಲು ಚಾಚಿದಳು. “ಚಾ ಇಡಬೇ” ಎಂದಳು. “ಸಕ್ಕರಿ ಕಡಿಮಿ ಹಾಕು.”

ಶೇವಂತಿ ಚಹಾ ಇಟ್ಟಳು. ಇಬ್ಬರೂ ಕುಡಿದರು. ಎದ್ದು ಹೋಗುವಾಗ ಲಗಮವ್ವ ಹೊಸ್ತಿಲಲ್ಲಿ ನಿಂತು, “ಇನ್ನ ಆರಿಸಬ್ಯಾಡ ಮತ್ತ. ನಾ ದಿನಾ ಬಂದು ಗ್ವಾಡಿ ನೋಡ್ತ ನಿಲ್ಲಾಕ ಆಗೂದಿಲ್ಲ” ಎಂದಳು. ಕಟ್ಟಳೆ ಹೋಗಲಿಲ್ಲ. ಅದು ಎಲ್ಲಿದ್ದಿತೋ ಅಲ್ಲೇ ಇದೆ. ಮುದುಕಿ ಅದಕ್ಕೆ ಒಂದು ಗಳಿಗೆ ಬೆನ್ನು ಹಾಕಿದಳು, ಅಷ್ಟೆ. ಶೇವಂತಿಗೆ ಅಷ್ಟು ಸಾಕಾಯಿತು. ಹೆಚ್ಚಿಗೆ ಕೇಳುವ ಬಲ ಅವಳಲ್ಲಿ ಇರಲಿಲ್ಲ.

ಡಬ್ಬಿ ಸೊಕ್ಕಬಾರದು, ಆರಿಸುವ ಪ್ರಸಂಗ ಬರಬಾರದು ಎಂದರೆ ಧೂಳು ಕೂರಲು ಬಿಡಬಾರದು ಎಂದು ಪರಮಾನಂದ ಹೇಳಿದ್ದಾನೆ. ಈಗ ಶೇವಂತಿ ಬೆಳಿಗ್ಗೆ ಎದ್ದು ಅಂಗಳ ಕಸ ಹೊಡೆದು, ಜಳಕ ಮಾಡಿ, ಕಸಬರಿಗೆಯ ಕಡ್ಡಿಗೆ ಹಳೆ ಸೀರೆಯ ಚೂರು ಸುತ್ತಿಕೊಂಡು ಡಬ್ಬಿಯ ಒಂದೊಂದು ಬಾಯಿಂದ ಅರಳೆ ತೆಗೆಯುತ್ತಾಳೆ. ಬಟನ್ನಿನ ಸುತ್ತಲೂ ತೆಗೆಯುತ್ತಾಳೆ. ಬೆರಳು ತಗುಲಿದರೆ ತಗುಲಲಿ ಎಂದು ಬಿಡುತ್ತಾಳೆ. ತೆಗೆದದ್ದನ್ನು ಉಂಡೆ ಮಾಡಿ ಒಲೆಗೆ ಹಾಕುತ್ತಾಳೆ, ಅದು ಸದ್ದಿಲ್ಲದೆ ಉರಿದು ಹೋಗುತ್ತದೆ. ಅಷ್ಟರಲ್ಲಿ ಗೋಡೆಯಾಚೆ ರಾಚಪ್ಪನ ಮಗ್ಗ ಬಡಿಯತೊಡಗುತ್ತದೆ. ಅವಳು ಹೋಗಿ ತನ್ನದು ಚಾಲೂ ಮಾಡುತ್ತಾಳೆ, ಧೂಳು ಏಳುತ್ತದೆ.